ಪರಮ್‌ನಿಂದ ಇ-ಸಂಜೀವಿನಿಯವರೆಗೆ

ಕರ್ನಾಟಕದ ಎಂಜಿನಿಯರಿಂಗ್ ಪದವೀಧರರಲ್ಲಿ ಬಹುತೇಕರಿಗೆ ಸಿ-ಡ್ಯಾಕ್ ಎಂದರೆ ಒಂದು ಕೋರ್ಸು. ಕ್ಯಾಂಪಸ್ ಸಂದರ್ಶನದಲ್ಲಿ ಕೆಲಸ ಗಿಟ್ಟದವರು, ಗಿಟ್ಟಿದ ಕೆಲಸ ಒಗ್ಗದವರು ಪ್ರವೇಶ ಪರೀಕ್ಷೆ ಬರೆದು, ಆರು ತಿಂಗಳು ಲ್ಯಾಬಿನಲ್ಲಿ ಬೆವರಿಳಿಸಿ, ಪಿ.ಜಿ. ಡಿಪ್ಲೊಮಾ ಹಿಡಿದು ಹೊರಬರುವ ಜಾಗ. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಹಳೆ ಮದ್ರಾಸ್ ರಸ್ತೆಯ ಮೇಲೆ ದಿನಾ ಓಡಾಡುವವರಿಗೆ ಅದರ ನಾಲೆಜ್ ಪಾರ್ಕ್ ಮತ್ತೊಂದು ಸರ್ಕಾರಿ ಕಾಂಪೌಂಡು, ಅಷ್ಟೇ. ‘ಪರಮ್’ ಹೆಸರಿನ ಸೂಪರ್ ಕಂಪ್ಯೂಟರುಗಳನ್ನು ಕಟ್ಟಿದ್ದು ಈ ಸಂಸ್ಥೆಯೇ ಎಂಬುದು ರಸಪ್ರಶ್ನೆಗೆ ಓದಿದವರಿಗೆ ಗೊತ್ತಿರುತ್ತದೆ. ಹಳ್ಳಿಯ ಉಪಕೇಂದ್ರದಲ್ಲಿ ಕುಳಿತ ರೋಗಿಗೆ ಪರದೆಯ ಮೇಲೆ ವೈದ್ಯರನ್ನು ತೋರಿಸುವ ‘ಇ-ಸಂಜೀವಿನಿ’ಯನ್ನು ಕಟ್ಟಿದ್ದೂ ಇದೇ ಸಂಸ್ಥೆ ಎಂಬುದು ಅವರಿಗೂ ಗೊತ್ತಿರುವುದು ಕಡಿಮೆ.

ಪ್ರಗತ ಗಣಕ ತಂತ್ರಜ್ಞಾನವನ್ನು ಬೆಳೆಸುವ ಈ ಕೇಂದ್ರದ ಮೂವತ್ತೈದು ವರ್ಷಗಳಿಗೂ ಮೀರಿದ ದುಡಿಮೆಯಲ್ಲಿ ಈ ಎರಡು ಕೆಲಸಗಳು ಎರಡು ತುದಿ. ಒಂದು ತುದಿಯ ಬಗ್ಗೆ ನಾವು ಬೇಕಾದಷ್ಟು ಹೆಮ್ಮೆ ಪಟ್ಟಿದ್ದೇವೆ. ಇನ್ನೊಂದು ತುದಿಯನ್ನು ಸರಿಯಾಗಿ ನೋಡಿಯೇ ಇಲ್ಲ.

ಕೊಡದಿದ್ದರೆ ಕಟ್ಟುವುದು

1980ರ ದಶಕದಲ್ಲಿ ಸೂಪರ್ ಕಂಪ್ಯೂಟರ್ ಎಂದರೆ ಅಮೆರಿಕದ ಕ್ರೇ ಕಂಪನಿಯ ಯಂತ್ರ. ಮುಂಗಾರಿನ ಮುನ್ಸೂಚನೆಗೆಂದು ಭಾರತ ಕೇಳಿದ್ದು ಎಕ್ಸ್‌ಎಂಪಿ-24. ಈ ಯಂತ್ರ ಅಣ್ವಸ್ತ್ರದ ಲೆಕ್ಕಕ್ಕೂ ಒದಗೀತು ಎಂಬ ಅನುಮಾನದಿಂದ ಅಮೆರಿಕ ಕೊಟ್ಟಿದ್ದು ಕೆಳದರ್ಜೆಯ ಎಕ್ಸ್‌ಎಂಪಿ-14, ಅದೂ ಬಿಗಿಯಾದ ಷರತ್ತುಗಳೊಂದಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕ್ರೇ ಯಂತ್ರಕ್ಕಾಗಿ ನಡೆಸಿದ ಪ್ರಯತ್ನವೂ ಕೈಗೂಡಲಿಲ್ಲ.

ನಮ್ಮಲ್ಲೇ ಕಟ್ಟಬಹುದು ಎಂಬ ಧೈರ್ಯಕ್ಕೆ ಬೆಂಗಳೂರಿನಲ್ಲೇ ಒಂದು ಆಧಾರವಿತ್ತು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ವಿಜ್ಞಾನಿಗಳು ವಿಮಾನದ ಸುತ್ತ ಗಾಳಿ ಹರಿಯುವ ಬಗೆಯನ್ನು ಲೆಕ್ಕ ಹಾಕಲು 1986ರಲ್ಲೇ ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರನ್ನು ಮಾಡಿ ಮುಗಿಸಿದ್ದರು. ದೇಶದ ಮೊದಲ ಸಮಾಂತರ ಕಂಪ್ಯೂಟರ್ ಅದೇ. ಪುಣೆಯಲ್ಲಿ ಸಿ-ಡ್ಯಾಕ್ ಕೆಲಸ ಆರಂಭಿಸಿದ್ದು 1988ರಲ್ಲಿ. ಸರ್ಕಾರ ಕೊಟ್ಟಿದ್ದು ಮೂರು ವರ್ಷದ ಗಡುವು ಮತ್ತು 37.5 ಕೋಟಿ ರೂಪಾಯಿ. ಮುಂದಾಳು ವಿಜಯ್ ಭಟ್ಕರ್.

ಕ್ರೇ ಯಂತ್ರದ ಬಲವಿದ್ದದ್ದು ಅತಿವೇಗದ ಒಂದೆರಡು ಪ್ರೊಸೆಸರುಗಳಲ್ಲಿ. ಅಂಥದ್ದನ್ನು ಮಾಡುವ ಕಾರ್ಖಾನೆ ನಮ್ಮಲ್ಲಿರಲಿಲ್ಲ. ಭಟ್ಕರ್ ತಂಡ ಹಿಡಿದದ್ದು ಬೇರೆ ದಾರಿ: ಮಾರುಕಟ್ಟೆಯಲ್ಲಿ ಸಿಗುವ ಸಾಧಾರಣ ಪ್ರೊಸೆಸರುಗಳನ್ನು ಸಾಲಾಗಿ ಜೋಡಿಸಿ ಒಂದೇ ಲೆಕ್ಕವನ್ನು ಎಲ್ಲಕ್ಕೂ ಹಂಚುವುದು. ಬ್ರಿಟನ್ನಿನ ಇನ್ಮಾಸ್ ಕಂಪನಿಯ ‘ಟಿ-800’ ಎಂಬ ಚಿಪ್ಪು ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಅಕ್ಕಪಕ್ಕದ ಚಿಪ್ಪುಗಳ ಜೊತೆ ನೇರವಾಗಿ ಮಾತಾಡಲು ಅದರ ಮೈಮೇಲೇ ನಾಲ್ಕು ಕೊಂಡಿಗಳಿದ್ದವು.

ಹಂಚಿ ದುಡಿಯುವುದು ಹೇಳಿದಷ್ಟು ಸುಲಭವಲ್ಲ. ನಾಟಿ ಗದ್ದೆಯಲ್ಲಿ ಹತ್ತು ಆಳು ಹೆಚ್ಚು ಇಳಿಸಿದರೂ ಸಸಿ ಕಟ್ಟು ಸಮಯಕ್ಕೆ ಬರದಿದ್ದರೆ ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು ನಿಲ್ಲಬೇಕು; ಸಾಲಿನಲ್ಲಿ ಒಬ್ಬರು ನಿಧಾನವಾದರೆ ಬದು ಮುಟ್ಟುವುದು ಎಲ್ಲರಿಗೂ ತಡ. ಹವಾಮಾನದ ಲೆಕ್ಕದಲ್ಲೂ ಹೀಗೆಯೇ. ಭೂಪಟವನ್ನು ಚೌಕಗಳಾಗಿ ಕತ್ತರಿಸಿ ಒಂದೊಂದು ಪ್ರೊಸೆಸರಿಗೆ ಒಂದಿಷ್ಟು ಕೊಟ್ಟರೂ ಗಾಳಿ ಚೌಕದ ಗೆರೆ ಕಂಡು ನಿಲ್ಲುವುದಿಲ್ಲ. ಪ್ರತಿ ಹೆಜ್ಜೆಗೂ ಪ್ರತಿ ಚೌಕವೂ ತನ್ನ ಅಂಚಿನ ಒತ್ತಡ, ತಾಪ, ತೇವಾಂಶವನ್ನು ನೆರೆಯ ಚೌಕಕ್ಕೆ ತಿಳಿಸಬೇಕು. ಹಾಗಾಗಿ ಪೆಟ್ಟಿಗೆಯೊಳಗಿನ ಚಿಪ್ಪು ಹೊರಗಿನದಾದರೂ, ಕೆಲಸ ಹಂಚುವ, ಕಾಯಿಸದೆ ದುಡಿಸುವ ತಂತ್ರಾಂಶವೇ ಈ ತಂಡದ ಅಸಲಿ ಸಂಪಾದನೆ ಆಯಿತು. 1991ರಲ್ಲಿ ಪರಮ್ 8000 ಹೊರಬಂತು. ಅದೇ ವರ್ಷ ಒಂದು ಯಂತ್ರ ಮಾಸ್ಕೋಗೂ ಹೋಯಿತು.

ಬೈಯಪ್ಪನಹಳ್ಳಿಯ ಪದ್ಮ, ಟಾಟಾ ಇನ್‌ಸ್ಟಿಟ್ಯೂಟಿನ ಪ್ರವೇಗ

2002ರ ಡಿಸೆಂಬರಿನಲ್ಲಿ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ ಮಾಡಬಲ್ಲ ಪರಮ್ ಪದ್ಮ ಬಂತು. ಅದರ ನೆಲೆ ಬೆಂಗಳೂರು. ಜಗತ್ತಿನ 500 ಅತಿವೇಗದ ಕಂಪ್ಯೂಟರುಗಳ 2003ರ ಜೂನ್ ಪಟ್ಟಿಯಲ್ಲಿ ಅದು 171ನೇ ಸ್ಥಾನ ಪಡೆಯಿತು. 2015ರಲ್ಲಿ ಕೇಂದ್ರ ಸರ್ಕಾರ 4,500 ಕೋಟಿ ರೂಪಾಯಿಯ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಹೊಣೆ ಸಿ-ಡ್ಯಾಕ್ ಮತ್ತು ವಿಜ್ಞಾನ ಸಂಸ್ಥೆ ಎರಡರದೂ. 2022ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ, ಬೆಂಗಳೂರಿಗರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಆಗಿರುವಲ್ಲಿ, 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಕೆಲಸ ಶುರು ಮಾಡಿತು. ಒಂದು ಪೆಟಾಫ್ಲಾಪ್ ಎಂದರೆ ಪದ್ಮದ ವೇಗದ ಸಾವಿರ ಪಟ್ಟು. ಪದ್ಮ ಒಂದು ಗಂಟೆ ತಿಣುಕುವ ಲೆಕ್ಕ ಇದಕ್ಕೆ ಲೆಕ್ಕಾಚಾರದ ಪ್ರಕಾರ ಒಂದೆರಡು ಸೆಕೆಂಡಿನ ಮಾತು.

ಈ ಕಥೆಯನ್ನು ಬರೀ ಜಯಘೋಷವಾಗಿ ಹೇಳಿದರೆ ಅರ್ಧ ಸುಳ್ಳಾಗುತ್ತದೆ. 1980ರ ದಶಕದಲ್ಲಿ ಕ್ರೇ ಸಿಗದೆ ಹೋದ ವಿಜ್ಞಾನ ಸಂಸ್ಥೆ 2015ರಲ್ಲಿ ‘ಸಹಸ್ರಟಿ’ ಎಂದು ಹೆಸರಿಟ್ಟ ಯಂತ್ರವನ್ನು ತಂದಿತು. ಅದು ಕ್ರೇ ಕಂಪನಿಯದೇ. 2024ರ ಸೆಪ್ಟೆಂಬರ್ 26ರಂದು ಪ್ರಧಾನಿ ಒಂದೇ ಸಮಾರಂಭದಲ್ಲಿ ಎರಡು ಬಗೆಯ ಯಂತ್ರಗಳನ್ನು ದೇಶಕ್ಕೆ ಅರ್ಪಿಸಿದರು. ಪುಣೆ, ದೆಹಲಿ, ಕೋಲ್ಕತ್ತದ ಮೂರು ಪರಮ್ ರುದ್ರ ಯಂತ್ರಗಳು ಸಿ-ಡ್ಯಾಕ್ ತಾನೇ ವಿನ್ಯಾಸ ಮಾಡಿದ ಸರ್ವರ್‌ಗಳಿಂದಾದವು, ವೆಚ್ಚ 130 ಕೋಟಿ ರೂಪಾಯಿ. ಹವಾಮಾನ ಮುನ್ಸೂಚನೆಯ ಅರ್ಕ ಮತ್ತು ಅರುಣಿಕಾ ಯಂತ್ರಗಳಿಗೆ ಆದದ್ದು 850 ಕೋಟಿ, ಅವು ಬಂದದ್ದು ಫ್ರೆಂಚ್ ಕಂಪನಿಯಿಂದ. ಯಾವ ಮುಂಗಾರಿನ ಲೆಕ್ಕಕ್ಕಾಗಿ ಇಷ್ಟೆಲ್ಲ ಶುರುವಾಯಿತೋ ಆ ಲೆಕ್ಕ ಇವತ್ತಿಗೂ ಕೊಂಡು ತಂದ ಯಂತ್ರದ ಮೇಲೆಯೇ ನಡೆಯುತ್ತಿದೆ. ಪರಮ್‌ಗಳ ಒಳಗೂ ಪ್ರೊಸೆಸರ್ ಹೊರಗಿನದೇ. ತಿರುವನಂತಪುರದ ಸಿ-ಡ್ಯಾಕ್ ‘ವೇಗ’ ಎಂಬ ಸಣ್ಣ ಪ್ರೊಸೆಸರುಗಳನ್ನು ಮಾಡಿದೆ. ಸೂಪರ್ ಕಂಪ್ಯೂಟರಿಗೆ ಹೊಂದುವ ದೇಶಿ ಪ್ರೊಸೆಸರಿಗೆ ಇನ್ನೂ ಕಾಯಬೇಕು.

ಉಪಕೇಂದ್ರದ ಪರದೆ

ಇನ್ನೊಂದು ತುದಿಗೆ ಬರೋಣ. ದೂರದ ರೋಗಿಗೆ ಪರದೆಯ ಮೇಲೆ ವೈದ್ಯರು ಸಿಗುವುದು ಕರ್ನಾಟಕಕ್ಕೆ ಹೊಸದಲ್ಲ. 2002ರಲ್ಲಿ ಇಸ್ರೊ ತನ್ನ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಆಗ ಅದಕ್ಕೆ ಆಸ್ಪತ್ರೆಯ ಮಾಳಿಗೆ ಮೇಲೆ ಡಿಶ್ ಬೇಕಿತ್ತು, ಒಳಗೆ ಪ್ರತ್ಯೇಕ ಉಪಕರಣ ಬೇಕಿತ್ತು. ಮೊಬೈಲ್ ಇಂಟರ್‌ನೆಟ್ ಅಗ್ಗವಾದ ಮೇಲೆ ಆ ಕೆಲಸ ಒಂದು ಟ್ಯಾಬ್‌ಗೆ ಇಳಿಯಿತು.

ಸಿ-ಡ್ಯಾಕ್‌ನ ಮೊಹಾಲಿ ಕೇಂದ್ರ ಕಟ್ಟಿದ ಇ-ಸಂಜೀವಿನಿ 2019ರ ನವೆಂಬರಿನಲ್ಲಿ ಆರಂಭವಾಯಿತು. ಕೋವಿಡ್ ಲಾಕ್‌ಡೌನಿನಲ್ಲಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿದಾಗ, 2020ರ ಏಪ್ರಿಲ್ 13ರಂದು, ಮನೆಯಿಂದಲೇ ವೈದ್ಯರನ್ನು ಕಾಣುವ ಎರಡನೇ ಬಾಗಿಲು ತೆರೆಯಿತು. 2023ರ ಫೆಬ್ರುವರಿಯಲ್ಲಿ ಸಮಾಲೋಚನೆಗಳು 10 ಕೋಟಿ ಮುಟ್ಟಿದವು. 2025ರ ಹೊತ್ತಿಗೆ 30 ಕೋಟಿ ದಾಟಿದವು. 10 ಕೋಟಿಯ ಹೊತ್ತಿಗೆ ಹೆಚ್ಚು ಬಳಸಿದ ಮೊದಲ ಐದು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಪ್ರಯೋಜನ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು.

ಬಹುಪಾಲು ಸಮಾಲೋಚನೆ ನಡೆಯುವುದು ಉಪಕೇಂದ್ರಗಳಲ್ಲಿ. ಈಗ ಅವುಗಳ ಬೋರ್ಡಿನ ಮೇಲೆ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂದಿರುತ್ತದೆ. ಮಂಡಿನೋವೆಂದು ಬಂದ ಅಜ್ಜಿಯ ಬಿ.ಪಿ., ಶುಗರ್ ನೋಡಿ ಸಮುದಾಯ ಆರೋಗ್ಯ ಅಧಿಕಾರಿ ಟ್ಯಾಬ್‌ನಲ್ಲಿ ತುಂಬುತ್ತಾರೆ. ಯಾವ ವಿಭಾಗ ಎಂದು ಆರಿಸಿ ಕರೆ ಹಚ್ಚುತ್ತಾರೆ. ಜಿಲ್ಲಾ ಕೇಂದ್ರದಲ್ಲೋ ಮೆಡಿಕಲ್ ಕಾಲೇಜಿನಲ್ಲೋ ಕುಳಿತ ವೈದ್ಯರು ಲೈನಿಗೆ ಬರುತ್ತಾರೆ. “ಅಜ್ಜಿ, ಡಾಕ್ಟ್ರು ಬಂದ್ರು, ಇಲ್ನೋಡಿ, ಎಲ್ಲಿ ನೋಯ್ತದೆ ಅಂತ ಹೇಳಿ” ಎಂದು ಟ್ಯಾಬ್ ತಿರುಗಿಸಿದರೆ ಅಜ್ಜಿ “ನೀನೇ ಹೇಳವ್ವ, ನಿಂಗೊತ್ತಲ್ಲ” ಎನ್ನುವುದೂ ಉಂಟು. ವೈದ್ಯರು ಬರೆದ ಚೀಟಿ ಪರದೆಯ ಮೇಲೆ ಮೂಡುತ್ತದೆ, ಮಾತ್ರೆ ಅಲ್ಲೇ ಸಿಗುತ್ತದೆ. ಇಷ್ಟಕ್ಕಾಗಿ ತಾಲ್ಲೂಕು ಕೇಂದ್ರಕ್ಕೆ ಬಸ್ಸು ಹಿಡಿದು ಒಂದು ದಿನದ ಕೂಲಿ ಕಳೆದುಕೊಳ್ಳುವುದು ತಪ್ಪುತ್ತದೆ.

ಇದಕ್ಕೆ ಸೂಪರ್ ಕಂಪ್ಯೂಟರ್ ಬೇಕಿಲ್ಲ. ಆದರೆ ಸಮಸ್ಯೆಯ ಜಾತಿ ಒಂದೇ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸಾವಿರಾರು ಉಪಕೇಂದ್ರಗಳಿಂದ ಒಟ್ಟಿಗೆ ಬರುವ ಕರೆಗಳನ್ನು ಬಿಡುವಿರುವ ವೈದ್ಯರಿಗೆ ಹಂಚಬೇಕು, ಯಾರೂ ಸುಮ್ಮನೆ ಕಾಯಬಾರದು. 1991ರಲ್ಲಿ ಚಿಪ್ಪುಗಳ ನಡುವೆ ಮಾಡಿದ್ದನ್ನು ಇಲ್ಲಿ ಮನುಷ್ಯರ ನಡುವೆ ಮಾಡಬೇಕು.

ಬಣ್ಣ ಹೋಗುವ ಜಾಗ

ಈ ವ್ಯವಸ್ಥೆಯಲ್ಲಿ ಅತಿ ಸೂಕ್ಷ್ಮವಾದ ಕೊಂಡಿ ವಿಡಿಯೊ. 640ಕ್ಕೆ 480 ಚುಕ್ಕಿಗಳ ಸಾಧಾರಣ ಚಿತ್ರ, ಸೆಕೆಂಡಿಗೆ 30ರಂತೆ ಕಳಿಸಬೇಕೆಂದರೆ ಹಾಗೆಹಾಗೇ ಸೆಕೆಂಡಿಗೆ ಸುಮಾರು 22 ಕೋಟಿ ಬಿಟ್ ಆಗುತ್ತದೆ. ಹಳ್ಳಿಯ ಮೊಬೈಲ್ ಸಿಗ್ನಲ್ಲಿನಲ್ಲಿ ಐದು ಲಕ್ಷ ಬಿಟ್ ನಿಶ್ಚಿಂತೆಯಿಂದ ಹೋದರೆ ಪುಣ್ಯ. ಅಂದರೆ ನಾನೂರು ಪಟ್ಟಿಗೂ ಹೆಚ್ಚು ಕುಗ್ಗಿಸಬೇಕು. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಬದಲಾದದ್ದನ್ನು ಮಾತ್ರ ಕಳಿಸುವುದು ಒಂದು ಉಪಾಯ. ಗೋಡೆ ಅಲ್ಲೇ ಇದ್ದರೆ ಅದನ್ನು ಮತ್ತೆ ಮತ್ತೆ ಯಾಕೆ ಕಳಿಸಬೇಕು? ತಡವಾದ ತುಣುಕಿಗೆ ಕಾಯದೆ ಮುಂದೆ ಹೋಗುವುದು ಇನ್ನೊಂದು. ಸಿಗ್ನಲ್ ಇಳಿದಾಗ ಮೊದಲು ಚಿತ್ರ ಮಂಕಾಗಬೇಕು, ದನಿ ಮಾತ್ರ ಕೊನೆಯವರೆಗೂ ಕಡಿಯಬಾರದು ಎಂಬುದು ಒಳ್ಳೆಯ ವಿನ್ಯಾಸದ ನಿಯಮ.

ಮೂರನೆಯ ಉಪಾಯದಲ್ಲಿ ವೈದ್ಯಕೀಯಕ್ಕೆ ತೊಡಕಿದೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಬೇಗ ಗುರುತಿಸುತ್ತದೆ, ಬಣ್ಣದ ಸಣ್ಣ ವ್ಯತ್ಯಾಸವನ್ನು ಅಷ್ಟಾಗಿ ಗುರುತಿಸುವುದಿಲ್ಲ. ಹೀಗಾಗಿ ವಿಡಿಯೊ ತಂತ್ರಜ್ಞಾನ ಪ್ರತಿ ಚುಕ್ಕಿಯ ಬೆಳಕನ್ನು ಬೇರೆ ಬೇರೆ ಉಳಿಸಿಕೊಂಡು, ನಾಲ್ಕು ಚುಕ್ಕಿಗಳಿಗೆ ಸೇರಿ ಒಂದೇ ಬಣ್ಣ ಕಳಿಸುತ್ತದೆ. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗದು. ಕಾಮಾಲೆಯೆಂದು ಅನುಮಾನವಿರುವ ಕಣ್ಣಿನ ಹಳದಿ, ಮಗುವಿನ ಮೈಮೇಲಿನ ಕೆಂಪು ದದ್ದು, ರಕ್ತಹೀನತೆಯಿಂದ ಬಿಳಿಚಿದ ಕೆಳರೆಪ್ಪೆ ನೋಡಬೇಕಾದ ವೈದ್ಯರಿಗೆ ಬೇಕಾದದ್ದು ಅದೇ ಬಣ್ಣ. ಟ್ಯೂಬ್‌ಲೈಟಿನ ನೀಲಿ ಛಾಯೆ ಸೇರಿದರೆ ಮುಗಿಯಿತು. ಆದ್ದರಿಂದ ಚರ್ಮ, ಕಣ್ಣಿನ ತೊಂದರೆಗೆ ಅಲುಗಾಡುವ ವಿಡಿಯೊಗಿಂತ ಹಗಲು ಬೆಳಕಿನಲ್ಲಿ ತೆಗೆದು ಸೇರಿಸಿದ ಫೋಟೊ ಎಷ್ಟೋ ವಾಸಿ. ಫೋಟೊವನ್ನೂ ಕುಗ್ಗಿಸುತ್ತಾರಾದರೂ ಅದರಲ್ಲಿ ಚುಕ್ಕಿಗಳ ಸಂಖ್ಯೆ ಹಲವು ಪಟ್ಟು ಹೆಚ್ಚು.

ಚಿತ್ರದ ಮಹತ್ವ ಕಾನೂನಿಗೂ ಗೊತ್ತಿದೆ. ಕೇಂದ್ರ ಸರ್ಕಾರದ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಕೆಲವು ವರ್ಗದ ಔಷಧಗಳನ್ನು ಮೊದಲ ಭೇಟಿಯಲ್ಲಿ ಬರೆಯಬೇಕಾದರೆ ಅದು ವಿಡಿಯೊ ಭೇಟಿಯೇ ಆಗಿರಬೇಕು. ಸಿಗ್ನಲ್ ಇಲ್ಲದೆ ವಿಡಿಯೊ ಬಿದ್ದುಹೋಗಿ ಬರೀ ದನಿ ಉಳಿದರೆ ವೈದ್ಯರ ಕೈಯೂ ಅಷ್ಟರಮಟ್ಟಿಗೆ ಕಟ್ಟಿಹೋಗುತ್ತದೆ.

ಅಳೆಯುವ ಕೋಲು

ಸೂಪರ್ ಕಂಪ್ಯೂಟರನ್ನು ನಾವು ಪಟ್ಟಿಯ ಸ್ಥಾನದಿಂದ ಅಳೆಯುತ್ತೇವೆ, ಇ-ಸಂಜೀವಿನಿಯನ್ನು ಕೋಟಿಗಳಲ್ಲಿ. ಎರಡೂ ಕೋಲು ಗಿಡ್ಡವೇ. ಪರಮ್ ಪ್ರವೇಗದ ಮುಂದೆ ಎಷ್ಟು ಸಂಶೋಧಕರ ಲೆಕ್ಕಗಳು ಸರತಿಯಲ್ಲಿವೆ, ಸಣ್ಣ ಊರಿನ ಕಾಲೇಜಿನವರಿಗೆ ಅದರಲ್ಲಿ ಪಾಲು ಸಿಗುತ್ತದೆಯೇ ಎಂಬುದು ವೇಗಕ್ಕಿಂತ ಮುಖ್ಯ. 30 ಕೋಟಿ ಸಮಾಲೋಚನೆಗಳಲ್ಲಿ ಎಷ್ಟರಲ್ಲಿ ವಿಡಿಯೊ ಕಡೆಯವರೆಗೆ ನಿಂತಿತು, ಬರೆದ ಔಷಧ ಎಷ್ಟು ಜನರಿಗೆ ಅಲ್ಲೇ ದೊರೆಯಿತು, ಎಷ್ಟು ಮಂದಿ ಕೊನೆಗೂ ಬಸ್ಸು ಹತ್ತಬೇಕಾಯಿತು ಎಂಬುದನ್ನು ಜಿಲ್ಲಾವಾರು ಪ್ರಕಟಿಸಿದರೆ ಮುಂದಿನ ಸಂಶೋಧನೆ ಎಲ್ಲಿ ಆಗಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಸಾರ್ವಜನಿಕ ಹಣದಲ್ಲಿ ನಡೆಯುವ ಪ್ರಯೋಗಾಲಯದಿಂದ ಈ ಲೆಕ್ಕ ಕೇಳುವುದು ನಮ್ಮ ಹಕ್ಕು.

ಓದುಗರಿಗೆ ಕೊನೆಯದಾಗಿ ಇಷ್ಟು. ಇ-ಸಂಜೀವಿನಿ ಉಚಿತ. ಮೊಬೈಲ್ ನಂಬರಿಗೆ ಬರುವ ಓಟಿಪಿ ಕೊಟ್ಟು ಆ್ಯಪ್‌ನಲ್ಲಿ ಟೋಕನ್ ಪಡೆಯಬಹುದು, ಇಲ್ಲವೇ ಹತ್ತಿರದ ಆರೋಗ್ಯ ಮಂದಿರದಲ್ಲಿ ಕೇಳಬಹುದು. ಹಳೆಯ ಚೀಟಿ, ರಿಪೋರ್ಟುಗಳ ಫೋಟೊ ಮೊದಲೇ ತೆಗೆದಿಟ್ಟುಕೊಳ್ಳಿ. ಎದೆನೋವು, ಉಸಿರಾಟದ ತೊಂದರೆ, ಮುಖ ಸೊಟ್ಟಗಾಗುವುದು, ಹೆರಿಗೆಯ ತೊಡಕುಗಳಿಗೆ ಮಾತ್ರ ಪರದೆಯ ಮುಂದೆ ಕುಳಿತು ಹೊತ್ತು ಕಳೆಯಬೇಡಿ; ನೇರವಾಗಿ 108ಕ್ಕೆ ಕರೆ ಮಾಡಿ.