ಬರದಿಂದ ಹಿನ್ನೀರಿನವರೆಗೆ: ಮಲಪ್ರಭೆಯ ದಂಡೆಯಲ್ಲಿ ಓದಿದ ಇಪ್ಪತ್ತನೇ ಶತಮಾನ

ಬಾದಾಮಿ ಬಳಿ ಮಲಪ್ರಭೆಯ ದಂಡೆಯಲ್ಲಿರುವ ಶಿವಯೋಗ ಮಂದಿರಕ್ಕೆ ಹೋದವರು ಬರುವಾಗ ಚೀಲದಲ್ಲಿ ನಾಲ್ಕು ವಿಭೂತಿ ಗಟ್ಟಿ ತರುವುದು ವಾಡಿಕೆ. ಈ ಸಲ ನನ್ನ ಚೀಲ ಹೋಗುವಾಗಲೇ ಭಾರವಾಗಿತ್ತು. ಅದರೊಳಗೆ ಇತಿಹಾಸಕಾರ ಎರಿಕ್ ಹಾಬ್ಸ್‌ಬಾಮ್ ಬರೆದ ‘ಏಜ್ ಆಫ್ ಎಕ್ಸ್‌ಟ್ರೀಮ್ಸ್’ ಇತ್ತು. 1994ರಲ್ಲಿ ಹೊರಬಂದ ಈ ಪುಸ್ತಕ ಇಡೀ ಜಗತ್ತಿನ ಇಪ್ಪತ್ತನೇ ಶತಮಾನವನ್ನು ಒಂದೇ ಸಂಪುಟದಲ್ಲಿ ಅಡಕ ಮಾಡುತ್ತದೆ. ಅರ್ಧ ಓದಿ ಮೂಲೆಗಿಟ್ಟಿದ್ದೆ. ಬಾದಾಮಿಯ ಕಡೆ ಎರಡು ದಿನದ ಬಿಡುವು ಸಿಕ್ಕಿತು, ಹೊಳೆದಂಡೆಯ ನೆರಳಿನಲ್ಲಿ ಕೂತು ಮುಗಿಸೋಣವೆಂದು ಒಯ್ದೆ.

ಹಾಬ್ಸ್‌ಬಾಮ್‌ಗೆ ಶತಮಾನವೆಂದರೆ ನೂರು ವರ್ಷವಲ್ಲ. ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ಅದನ್ನು ಆರಂಭಿಸಿ, ಸೋವಿಯತ್ ಒಕ್ಕೂಟ ಮುರಿದುಬಿದ್ದ 1991ರಲ್ಲಿ ಮುಗಿಸಿಬಿಡುತ್ತಾರೆ. ನಡುವೆ ಮೂರು ಭಾಗ: ಮೊದಲು ಮಹಾ ಅನಾಹುತಗಳ ಕಾಲ, ಆಮೇಲೆ ಸುವರ್ಣ ಕಾಲ, ಕೊನೆಗೆ ಕುಸಿತ. ಓದುತ್ತ ಹೋದಂತೆ ಒಂದು ಪ್ರಶ್ನೆ ಕಾಡಿತು. ನಾನು ಕೂತ ಈ ದಂಡೆಯ ಮೇಲೆ ಶತಮಾನ ಯಾವಾಗ ಶುರುವಾಯಿತು? ಯಾವಾಗ ಮುಗಿಯಿತು?

ಸೋಸಿದ ಬೂದಿ

ಶಿವಯೋಗ ಮಂದಿರದ ವಿಭೂತಿ ನಾಡಿಗೆಲ್ಲ ಹೆಸರುವಾಸಿ. ಆಕಳ ಸಗಣಿಯ ಉಂಡೆಗಳನ್ನು ಒಣಗಿಸಿ ಸುಡುತ್ತಾರೆ. ಬೂದಿಯನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸುತ್ತಾರೆ. ಮೇಲಿನ ತಿಳಿ ಬಸಿದ ಮೇಲೆ ತಳದಲ್ಲಿ ಕೂತ ನುಣ್ಣನೆಯ ಬೂದಿಯನ್ನು ಗಟ್ಟಿ ಕಟ್ಟಿ ಒಣಗಿಸುತ್ತಾರೆ. ರಾಶಿ ಸಗಣಿ ಕೊನೆಗೆ ಅಂಗೈಯಲ್ಲಿ ಹಿಡಿಯುವಷ್ಟಾಗುತ್ತದೆ.

ಸಂಕ್ಷಿಪ್ತ ಚರಿತ್ರೆ ತಯಾರಾಗುವುದೂ ಹೆಚ್ಚುಕಡಿಮೆ ಹೀಗೆಯೇ. ಜವಾಹರಲಾಲ್ ನೆಹರೂ 1930ರಿಂದ 1933ರವರೆಗೆ ಸೆರೆಮನೆಗಳಿಂದ ಮಗಳು ಇಂದಿರೆಗೆ ಬರೆದ ಪತ್ರಗಳಲ್ಲಿ ಜಗತ್ತಿನ ಇಡೀ ಕಥೆಯನ್ನೇ ಸೋಸಿಕೊಟ್ಟರು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿ ಮಿಲೇನಿಯಂ ಸರಣಿಯ ‘ಮಹಾಯುದ್ಧ’ ಭಾಗಗಳಲ್ಲಿ ಎರಡನೇ ಯುದ್ಧದ ಕಥನಗಳನ್ನು ನಮ್ಮ ಹುಡುಗರ ಕೈಗೆ ಸಿಗುವಂತೆ ಮಾಡಿದರು. ಇವರನ್ನೆಲ್ಲ ಓದಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೋಸಿದ್ದನ್ನು ಕೈಗೆ ತೆಗೆದುಕೊಂಡವರು ಬಟ್ಟೆಯ ಮೇಲೆ ಏನು ಉಳಿಯಿತು ಅಂತಲೂ ನೋಡಬೇಕು.

ಒಂದು ಉದಾಹರಣೆ ಸಾಕು. ಇಂಥ ಪುಸ್ತಕಗಳಲ್ಲಿ 1914ರ ಯುದ್ಧಕ್ಕೆ ಅಧ್ಯಾಯಗಟ್ಟಲೆ ಜಾಗ ಸಿಗುತ್ತದೆ, 1918ರ ಇನ್‌ಫ್ಲುಯೆಂಜಾಕ್ಕೆ ಒಂದೆರಡು ಸಾಲು. ಮುಂಬೈ ಪ್ರಾಂತದ ಹಳ್ಳಿಗಳಲ್ಲಿ ಜನ ‘ಮಾನಮೋಡಿ’ ಎಂದು ಕರೆದ ಈ ಜ್ವರ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ತೆಗೆದುಕೊಂಡು ಹೋಯಿತು. ಬಾದಾಮಿ, ಹುನಗುಂದ ಆಗ ಅದೇ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿದ್ದವು. 1921ರ ಜನಗಣತಿ ಬಂದಾಗ ದೇಶದ ಜನಸಂಖ್ಯೆ ಹತ್ತು ವರ್ಷದ ಹಿಂದಿಗಿಂತ ಕಡಿಮೆಯಾಗಿತ್ತು. ನಮ್ಮ ಜನಗಣತಿಯ ಇತಿಹಾಸದಲ್ಲಿ ಹೀಗಾದದ್ದು ಅದೊಂದೇ ಸಲ. ಯುರೋಪಿನ ಓದುಗನಿಗೆ ಯುದ್ಧವೇ ಆ ಕಾಲದ ದೊಡ್ಡ ಸಾವು. ನಮ್ಮ ಕಡೆ ಮನೆಮನೆಯ ಕದ ತಟ್ಟಿದ್ದು ಜ್ವರ.

1909: ಎರಡು ಅಡಿಪಾಯ

ಹಾನಗಲ್ಲ ಕುಮಾರಸ್ವಾಮಿಗಳು ಶಿವಯೋಗ ಮಂದಿರವನ್ನು ಸ್ಥಾಪಿಸಿದ್ದು 1909ರಲ್ಲಿ. 1896-97ರ ಮತ್ತು 1899-1900ರ ಬರಗಳು, ಅವುಗಳ ಜೊತೆಗೇ ಬಂದ ಪ್ಲೇಗು ಮುಂಬೈ ಪ್ರಾಂತವನ್ನು ಕಂಗೆಡಿಸಿ ಇನ್ನೂ ಬಹಳ ವರ್ಷ ಆಗಿರಲಿಲ್ಲ. 1904ರಲ್ಲಿ ವೀರಶೈವ ಮಹಾಸಭೆಯನ್ನು ಕಟ್ಟಿದ್ದ ಸ್ವಾಮಿಗಳಿಗೆ ಸಭೆ, ನಿರ್ಣಯ ಇಷ್ಟೇ ಸಾಲದು ಅನ್ನಿಸಿತ್ತು. ಊರೂರಿನ ಮಠಗಳಿಗೆ ಓದುಬರಹ, ಶಿಸ್ತು, ಸೇವೆ ಕಲಿತ ಸ್ವಾಮಿಗಳು ಬೇಕು. ಅವರನ್ನು ಎಳೆಯ ವಟುಗಳಾಗಿದ್ದಾಗಿಂದಲೇ ತಯಾರು ಮಾಡಬೇಕು ಎಂಬುದು ಅವರ ಎಣಿಕೆ. ಜೋಳಿಗೆ ಹಿಡಿದು ಕಟ್ಟಿದ ಸಂಸ್ಥೆ ಇದು.

ಅದೇ 1909ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸ್ಥಾಪನೆಯಾಯಿತು. ಅದೇ ವರ್ಷ ಫ್ರಾನ್ಸಿನ ಬ್ಲೇರಿಯೊ ತನ್ನ ವಿಮಾನದಲ್ಲಿ ಇಂಗ್ಲಿಷ್ ಕಾಲುವೆ ದಾಟಿದ. ಗಾಂಧೀಜಿ ಹಡಗಿನಲ್ಲಿ ಕೂತು ‘ಹಿಂದ್ ಸ್ವರಾಜ್’ ಬರೆದರು. ಒಬ್ಬರು ಯಂತ್ರದ ರೆಕ್ಕೆ ನಂಬಿದರು, ಇನ್ನೊಬ್ಬರು ಅದನ್ನೇ ಪ್ರಶ್ನಿಸಿದರು. ಕನ್ನಡ ನಾಡಿನಲ್ಲಿ ಒಂದು ಕಡೆ ಪ್ರಯೋಗಶಾಲೆ, ಇನ್ನೊಂದು ಕಡೆ ವಟುಗಳ ಪಾಠಶಾಲೆ ಎದ್ದವು. ಶತಮಾನದ ವಾದವಿವಾದವೆಲ್ಲ ಈ ಒಂದೇ ಇಸವಿಯಲ್ಲಿ ಕೂತಿದೆ.

ಕೊಂಡಿ ಹಾಕುವುದು

ಇಳಕಲ್ ಸೀರೆಯನ್ನು ನೇಯುವಲ್ಲಿ ಒಂದು ಕುಶಲತೆ ಇದೆ. ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರ ಎರಡರ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸುತ್ತಾನೆ. ಇದೊಂದು ಕೊಂಡಿ. ಇದು ಬಿಗಿಯಾಗಿದ್ದರೆ ಮೈ ಮುಗಿದು ಸೆರಗು ಶುರುವಾದದ್ದು ಕೈಗೆ ತಗಲುವುದಿಲ್ಲ. ದೊಡ್ಡ ಚರಿತ್ರೆ ಓದುವವನಿಗೂ ಈ ಕೆಲಸ ಬರಬೇಕು ಅನ್ನಿಸಿತು. ಜಗತ್ತಿನ ಹಾಸು ಪುಸ್ತಕದಲ್ಲಿದೆ, ನಮ್ಮ ಊರಿನ ಹಾಸು ನಮ್ಮ ಮನೆಯಲ್ಲಿದೆ. ಕೊಂಡಿ ಹಾಕುವವರು ನಾವೇ.

ಪೆನ್ಸಿಲ್ ತೆಗೆದುಕೊಂಡು ಪುಟಗಳ ಅಂಚಿನಲ್ಲಿ ಬರೆಯತೊಡಗಿದೆ. 1914ರ ಪುಟದ ಪಕ್ಕ: ಜಗತ್ತಿನ ಕೃತಕ ಬಣ್ಣಗಳ ಬಹುಪಾಲು ಆಗ ಜರ್ಮನಿಯಿಂದ ಬರುತ್ತಿತ್ತು. ಯುದ್ಧ ಅದನ್ನು ತಡೆದಾಗ ಭಾರತದ ನೇಕಾರರ ಊರುಗಳಲ್ಲಿ ಬಣ್ಣ ತುಟ್ಟಿಯಾಯಿತು. ಖಣದ ಊರಾದ ಗುಳೇದಗುಡ್ಡದಲ್ಲಿ ಹತ್ತೊಂಬತ್ತನೇ ಶತಮಾನದ ನಡುವಿನಿಂದಲೇ ನೆಲೆಸಿದ್ದ ಬಾಸೆಲ್ ಮಿಷನ್‌ಗೂ ಏಟು ಬಿತ್ತು. ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರ್ಕಾರ ಶತ್ರು ದೇಶದವರೆಂದು ಬಂಧನದಲ್ಲಿಟ್ಟು, ಆಮೇಲೆ ಊರಿಗೆ ಕಳಿಸಿತು.

ಅದೇ ಪುಟದಲ್ಲಿ ಇನ್ನೊಂದು ಟಿಪ್ಪಣಿ: 1914ರ ಮಾರ್ಚ್‌ನಲ್ಲಿ, ಯುದ್ಧಕ್ಕೆ ಐದು ತಿಂಗಳು ಮೊದಲು, ಹಾನಗಲ್ಲ ತಾಲ್ಲೂಕಿನಲ್ಲಿ ಪುಟ್ಟರಾಜರು ಹುಟ್ಟಿದರು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳನ್ನು ಕುಮಾರಸ್ವಾಮಿಗಳು ಕೈಹಿಡಿದು ಸಂಗೀತದಲ್ಲಿ ನಿಲ್ಲಿಸಿದ್ದರು. ಆ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಪುಟ್ಟರಾಜರನ್ನು ಬೆಳೆಸಿದರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಸಾವಿರಾರು ಮಕ್ಕಳಿಗೆ ಸ್ವರ ಕೊಟ್ಟರು. ಅವರು ಬದುಕಿದ್ದು 2010ರವರೆಗೆ. ಹಾಬ್ಸ್‌ಬಾಮ್‌ರ ಶತಮಾನದ ಜೊತೆಗೆ ಹುಟ್ಟಿ, ಅದು ಮುಗಿದ ಮೇಲೂ ಹತ್ತೊಂಬತ್ತು ವರ್ಷ ಹಾಡಿಸಿದರು.

1956ರ ನವೆಂಬರ್ 1ರ ಪುಟ ಬಂದಾಗ ಪೆನ್ಸಿಲ್ ತಾನಾಗಿ ನಿಂತಿತು. ಸೂಯೆಜ್ ಕಾಲುವೆಗಾಗಿ ಬ್ರಿಟನ್, ಫ್ರಾನ್ಸ್ ಬಾಂಬು ಹಾಕುತ್ತಿದ್ದವು. ಅದೇ ದಿನ ಹಂಗೇರಿಯ ಪ್ರಧಾನಿ ಇಮ್ರೆ ನಾಜ್ ತಮ್ಮ ದೇಶ ವಾರ್ಸಾ ಒಪ್ಪಂದದಿಂದ ಹೊರಬರುತ್ತದೆಂದು ಘೋಷಿಸಿದರು. ಅದೇ ದಿನ ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ ಮುಂಬೈ ರಾಜ್ಯ ಬಿಟ್ಟು ಏಕೀಕೃತ ಮೈಸೂರು ರಾಜ್ಯಕ್ಕೆ ಸೇರಿದವು. ಇಲ್ಲಿ ಅಂದು ಒಂದು ಗುಂಡೂ ಹಾರದೆ ಗಡಿ ಬದಲಾಯಿತು. ಆ ವಾರದ ಜಗತ್ತಿನಲ್ಲಿ ಅದು ಸಣ್ಣ ಮಾತಲ್ಲ.

ರೈತ ಸತ್ತನೇ?

ಪುಸ್ತಕದಲ್ಲಿ ನನ್ನನ್ನು ಬಹಳ ಹೊತ್ತು ತಡೆದು ಕೂರಿಸಿದ್ದು ಒಂದು ತೀರ್ಮಾನ. ಶತಮಾನದ ಎರಡನೇ ಅರ್ಧದ ಅತಿ ದೊಡ್ಡ ಸಾಮಾಜಿಕ ಬದಲಾವಣೆ ಎಂದರೆ ಒಕ್ಕಲು ಬದುಕಿನ ಸಾವು ಎನ್ನುತ್ತಾರೆ ಹಾಬ್ಸ್‌ಬಾಮ್. ದಕ್ಷಿಣ ಏಷ್ಯಾದಂಥ ಕೆಲವು ಪ್ರದೇಶಗಳಲ್ಲಿ ಹಳ್ಳಿ ಇನ್ನೂ ಉಳಿದಿದೆ ಎಂಬುದನ್ನೂ ಅವರು ಹೇಳುತ್ತಾರೆ. ಆದರೆ ಅದು ಹೊರತು ಎಂಬಂತೆ ಬಂದುಹೋಗುವ ಮಾತು. ಈ ಹೊಳೆಯ ದಂಡೆಯಲ್ಲಿ ಕೂತವನಿಗೆ ಆ ಹೊರತೇ ಮುಖ್ಯ ಕಥೆ.

ಮಲಪ್ರಭೆಗೆ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದದ್ದು 1970ರ ದಶಕದ ಆರಂಭದಲ್ಲಿ. ಕಾಲುವೆಯ ನೀರು ಬಾರದ ಹೊಲಕ್ಕೂ ಅಭಿವೃದ್ಧಿ ಕರ ಬಂತು ಎಂದು ರೈತರು ರೊಚ್ಚಿಗೆದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಮಾಸ್ಕೋ ಒಲಿಂಪಿಕ್ಸ್ ಶುರುವಾಗಿ ಆಗ ಮೂರನೇ ದಿನ. ಜಗತ್ತಿನ ಕಣ್ಣೆಲ್ಲ ಅಮೆರಿಕ ಅದನ್ನು ಬಹಿಷ್ಕರಿಸಿದ್ದರ ಮೇಲಿತ್ತು. ಇಲ್ಲಿ ಬಂಡಾಯದ ಕಿಚ್ಚು ರಾಜ್ಯಕ್ಕೆಲ್ಲ ಹಬ್ಬಿತು, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಆರಂಭದಲ್ಲಿ ಕರ್ನಾಟಕ ಮೊದಲ ಕಾಂಗ್ರೆಸ್ಸೇತರ ಸರ್ಕಾರವನ್ನು ಕಂಡದ್ದರ ಹಿಂದೆ ಈ ರೈತರ ಸಿಟ್ಟೂ ಇತ್ತು. ಸತ್ತವನು ಸರ್ಕಾರ ಉರುಳಿಸುವುದಿಲ್ಲ.

ಹೊಳೆ ಮುಂದೆ ಹೋಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಮೇಲಕ್ಕೆ ಆಲಮಟ್ಟಿ ಅಣೆಕಟ್ಟು. 1964ರಲ್ಲಿ, ಇನ್ನೂ ಪ್ರಧಾನಿಯಾಗಿರದ ಲಾಲ್ ಬಹದ್ದೂರ್ ಶಾಸ್ತ್ರಿ ಅದಕ್ಕೆ ಅಡಿಗಲ್ಲು ಹಾಕಿದರು. ನೀರು ನಿಲ್ಲುವ ಹೊತ್ತಿಗೆ ಶತಮಾನವೇ ಮುಗಿಯುತ್ತ ಬಂದಿತ್ತು. ಹಳೆಯ ಬಾಗಲಕೋಟೆಯ ಓಣಿಗಳು ಹಿನ್ನೀರಿಗೆ ಹೋದವು, ಜನ ನವನಗರಕ್ಕೆ ಬಂದರು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಮುಳುಗುತ್ತಿದ್ದ ಊರೇ ಜಿಲ್ಲಾ ಕೇಂದ್ರ.

ಹಾಗಾಗಿ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಈ ಸೀಮೆಯ ಶತಮಾನ 1914ರಲ್ಲಿ ಶುರುವಾಗಲಿಲ್ಲ, 1991ರಲ್ಲಿ ಮುಗಿಯಲೂ ಇಲ್ಲ. ಅದು ಬರದಲ್ಲಿ ಶುರುವಾಗಿ ಹಿನ್ನೀರಿನಲ್ಲಿ ಮುಗಿಯಿತು. ನೀರಿಲ್ಲದೆ ಊರು ಬಿಟ್ಟವರ ಮೊಮ್ಮಕ್ಕಳು ನೀರಿನಿಂದಾಗಿ ಊರು ಬಿಟ್ಟರು.

ಇಷ್ಟಾದರೂ ಹಾಬ್ಸ್‌ಬಾಮ್‌ರ ಮೇಲೆ ನನಗೆ ದೂರಿಲ್ಲ. ಅವರ ಹಾಸು ಇಲ್ಲದಿದ್ದರೆ ನಾನು ಕೊಂಡಿ ಹಾಕುವುದು ಯಾವುದಕ್ಕೆ? ಬರೀ ನಮ್ಮೂರ ಕಥೆಯನ್ನೇ ಹಿಡಿದು ಕೂತರೆ ಬಣ್ಣ ಯಾಕೆ ತುಟ್ಟಿಯಾಯಿತೆಂಬುದು ತಿಳಿಯುವುದಿಲ್ಲ. ಬರೀ ದೊಡ್ಡ ಪುಸ್ತಕ ಓದಿದರೆ ಅದು ಯಾರಿಗೆ ತುಟ್ಟಿಯಾಯಿತೆಂಬುದು ತಿಳಿಯುವುದಿಲ್ಲ.

ನೀವೂ ಒಂದು ಶತಮಾನದ ಚರಿತ್ರೆ ಹಿಡಿದಾಗ ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಳ್ಳಿ. ನಿಮ್ಮ ಊರಿನ ಕೆರೆ ಒಡೆದದ್ದು, ಮೊದಲ ಬಸ್ಸು ಬಂದದ್ದು, ಶಾಲೆ ತೆರೆದದ್ದು, ಬೇನೆ ಬಂದದ್ದು, ಮಗ್ಗ ನಿಂತದ್ದು ಯಾವ ವರ್ಷ ಎಂದು ಕೇಳಿ ಅಂಚಿನಲ್ಲಿ ಬರೆಯಿರಿ. ಮನೆಯಲ್ಲಿ ಹಿರಿಯರು ಇರುವಾಗಲೇ ಕೇಳಿರಿ. ಪುಸ್ತಕ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತದೆ.