ಹಗಲು ಕಾಲಿನ ನೀರು, ರಾತ್ರಿ ಹಾಸಿಗೆಯ ನೀರು

ಕಮತಗಿಯಲ್ಲಿ ಕುಣಿ ಮಗ್ಗದ ಮುಂದೆ ಕೂತವರ ಕೈಚಳಕ ಎಲ್ಲರ ಕಣ್ಣಿಗೂ ಬೀಳುತ್ತದೆ, ಕಾಲು ಮಾತ್ರ ಯಾರಿಗೂ ಕಾಣುವುದಿಲ್ಲ. ಅದು ಕುಣಿಯೊಳಗೆ, ನೆಲದ ಮಟ್ಟಕ್ಕಿಂತ ಕೆಳಗಿರುತ್ತದೆ. ಇಳಕಲ್ ಸೀರೆಯ ಹಾಸಿನ ನಡುವೆ ಲಾಳಿ ಹಾಯುವಾಗಲೆಲ್ಲ ಒಂದು ಪಾದ ತುಳಿಯುತ್ತದೆ, ಇನ್ನೊಂದು ಮೇಲೇಳುತ್ತದೆ. ಇದೇ ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯ ಪಾವರ್‌ಲೂಮ್‌ಗಳ ನಡುವೆ ಪಾಳಿ ಮುಗಿಯುವ ತನಕ ನಿಲ್ಲುವವರಿಗೆ ಈ ತುಳಿತವಿಲ್ಲ. ಕಾಲು ಇಳಿಬಿಟ್ಟು ಕೂತು ಕಂಡಿಕೆ ಸುತ್ತುವ ಅಜ್ಜಿಗೂ ಇಲ್ಲ. ಸಂಜೆಗೆ ಇವರ ಪಾದ ಊದುತ್ತದೆ, ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಅಚ್ಚೊತ್ತುತ್ತದೆ. "ಕಾಲು ಬಾತಾವ ಬಿಡ್ರಿ, ವಯಸ್ಸಾತು" ಎಂದು ಮನೆಯವರು ಸುಮ್ಮನಾಗುತ್ತಾರೆ. ಆಮೇಲೆ ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು ಶುರುವಾಗುತ್ತದೆ, ಒಂದು ದಿನ ಏಳುವಷ್ಟರಲ್ಲಿ ಹಾಸಿಗೆ ಒದ್ದೆಯಾಗಿರುತ್ತದೆ. ಮರುದಿನವೇ ಬಾಗಲಕೋಟೆಗೆ ಹೋದವರ ಕೈಯಲ್ಲಿ ದೊಡ್ಡವರ ಡೈಪರ್ ತರಿಸುತ್ತಾರೆ.

ಊದಿದ ಕಾಲು ಒಂದು ಕಾಯಿಲೆ, ಒದ್ದೆಯಾದ ಹಾಸಿಗೆ ಇನ್ನೊಂದು ಕಾಯಿಲೆ ಎಂದೇ ಎಲ್ಲರ ಎಣಿಕೆ. ಎಷ್ಟೋ ಮನೆಗಳಲ್ಲಿ ಅದು ಒಂದೇ ನೀರು. ಹಗಲು ಕಾಲಿನಲ್ಲಿ ನಿಂತದ್ದು ರಾತ್ರಿ ಹಾಸಿಗೆಗೆ ಬಂದಿರುತ್ತದೆ. ಡೈಪರ್ ಕೊಳ್ಳುವ ಮೊದಲು ಸಂಜೆ ಆರರ ಹೊತ್ತಿಗೆ ಹಿರಿಯರ ಕಣಕಾಲಿನ ಮೇಲಿನ ಎಲುಬನ್ನು ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಒತ್ತಿ ನೋಡಿ. ಬೆರಳು ತೆಗೆದ ಮೇಲೂ ಗುಳಿ ಉಳಿದರೆ ಅಲ್ಲಿ ನೀರು ನಿಂತಿದೆ.

ನಿಲ್ಲುವುದೇಕೆ? ಹೃದಯದಿಂದ ಪಾದಕ್ಕೆ ರಕ್ತ ಇಳಿಯುವುದು ಸುಲಭ, ಹತ್ತುವುದು ಕಷ್ಟ. ಅಲುಗಾಡದೆ ನಿಂತವರ ಕಣಕಾಲಿನ ಅಭಿಧಮನಿಯಲ್ಲಿ ಒತ್ತಡ 80ರಿಂದ 90 ಮಿ.ಮೀ. ಪಾದರಸದಷ್ಟಿರುತ್ತದೆ; ಅದು ಅಲ್ಲಿಂದ ಹೃದಯದವರೆಗೆ ನಿಂತ ರಕ್ತದ ಕಂಬದ ಭಾರ. ನಾಲ್ಕು ಹೆಜ್ಜೆ ನಡೆದರೆ ಅದೇ ಒತ್ತಡ 30ರ ಆಸುಪಾಸಿಗೆ ಬೀಳುತ್ತದೆ. ಕೆಲಸ ಮೀನಖಂಡದ್ದು. ಹಿಮ್ಮಡಿ ಎತ್ತಿದಾಗ ಆ ಸ್ನಾಯು ಬಿಗಿದು ನಡುವಿನ ರಕ್ತನಾಳಗಳನ್ನು ಹಿಂಡುತ್ತದೆ, ರಕ್ತ ಮೇಲಕ್ಕೆ ಚಿಮ್ಮುತ್ತದೆ. ಮೇಲೆ ಹೋದದ್ದು ಮತ್ತೆ ಇಳಿಯದಂತೆ ನಾಳದೊಳಗೆ ತೆಳ್ಳನೆಯ ಕವಾಟಗಳಿವೆ. ಬಾವಿಗೆ ಇಳಿಬಿಟ್ಟ ಪಂಪಿನ ಫುಟ್‌ವಾಲ್ವ್ ಮಾಡುವ ಕೆಲಸವೂ ಇದೇ. ಅದು ಸೋರಿದರೆ ಪೈಪಿನ ನೀರೆಲ್ಲ ಕೆಳಗೆ. ಇಟಲಿಯ ಪಡುವಾದಲ್ಲಿ ಪಾಠ ಹೇಳುತ್ತಿದ್ದ ಫ್ಯಾಬ್ರಿಸಿಯಸ್ 1603ರಲ್ಲಿ ಈ ಕವಾಟಗಳನ್ನು ಚಿತ್ರಸಮೇತ ವಿವರಿಸಿದ. ಅವು ಇರುವುದೇಕೆ ಎಂದು ತೋರಿಸಿದವನು ಅವನ ಶಿಷ್ಯ ವಿಲಿಯಂ ಹಾರ್ವೆ, 1628ರಲ್ಲಿ. ವರ್ಷಗಟ್ಟಲೆ ನಿಂತೇ ದುಡಿದವರಲ್ಲಿ ನಾಳ ಹಿಗ್ಗುತ್ತದೆ, ಕವಾಟದ ಎರಡು ಎಸಳು ಒಂದಕ್ಕೊಂದು ಮುಟ್ಟದಾಗುತ್ತವೆ. ಚರ್ಮದ ಕೆಳಗೆ ನೀಲಿ ಗಂಟುಗಂಟಾಗಿ ಕಾಣುವ ಉಬ್ಬು ನರ ಅದೇ. ಒಳಗಿನ ಒತ್ತಡ ಇಳಿಯದಿದ್ದರೆ ಸಣ್ಣ ನಾಳಗಳಿಂದ ನೀರು ಜಿನುಗಿ ಸುತ್ತಲಿನ ಮಾಂಸದಲ್ಲಿ ಸೇರಿಕೊಳ್ಳುತ್ತದೆ.

ರಾತ್ರಿ ಮಲಗಿದಾಗ ಕಾಲು ಹೃದಯದ ಮಟ್ಟಕ್ಕೆ ಬರುತ್ತದೆ. ಜಿನುಗಿದ್ದೆಲ್ಲ ನಿಧಾನವಾಗಿ ರಕ್ತಕ್ಕೆ ಮರಳುತ್ತದೆ. ರಕ್ತ ಹೆಚ್ಚಾಗಿ ಹೃದಯದ ಮೇಲ್ಕೋಣೆ ಹಿಗ್ಗಿದರೆ ಅದರ ಗೋಡೆ ಒಂದು ಹಾರ್ಮೋನು ಸುರಿಸುತ್ತದೆ, ಉಪ್ಪನ್ನೂ ನೀರನ್ನೂ ಹೊರಹಾಕು ಎಂದು ಮೂತ್ರಪಿಂಡಕ್ಕೆ ಹೇಳುವ ಹಾರ್ಮೋನು ಅದು. ನಡುರಾತ್ರಿ ಮೂತ್ರಕೋಶ ತುಂಬುತ್ತದೆ. ಮಂಡಿ ನೋವಿನ ಅಜ್ಜಿ ಕತ್ತಲಲ್ಲಿ ಎದ್ದು ಹಿತ್ತಲಿಗೆ ಹೋಗುವಷ್ಟರಲ್ಲಿ ಕೈಮೀರಿರುತ್ತದೆ. ಸಂಜೆ ನೀರು ಕುಡಿಯಬೇಡ ಎಂದು ಗದರುವುದರಿಂದ ಇದು ನಿಲ್ಲುವುದಿಲ್ಲ. ನೀರು ಆಗಲೇ ಮೈಯೊಳಗಿದೆ. ದುಡ್ಡಿಲ್ಲದ ಉಪಾಯವೊಂದಿದೆ. ಮಧ್ಯಾಹ್ನ ಊಟದ ಮೇಲೆ ಒಂದು ತಾಸು ಕಾಲಿನ ಕೆಳಗೆ ದಿಂಬು ಪೇರಿಸಿ, ಪಾದ ಎದೆಗಿಂತ ಎತ್ತರಕ್ಕೆ ಬರುವಂತೆ ಮಲಗಿಸಿ. ರಾತ್ರಿ ಇಳಿಯಬೇಕಾದ ನೀರು ಹಗಲಿನಲ್ಲೇ ಇಳಿದುಹೋಗುತ್ತದೆ.

ಇನ್ನೊಂದು ದಾರಿ ಬಿಗಿ ಕಾಲುಚೀಲ, ಅಂಗಡಿಯವರು ಕಂಪ್ರೆಷನ್ ಸ್ಟಾಕಿಂಗ್ ಎನ್ನುವುದು. ಅಮೆರಿಕದ ಟೊಲೆಡೊ ನಗರದ ಎಂಜಿನಿಯರ್ ಕಾನ್ರಾಡ್ ಜಾಬ್ಸ್ಟ್‌ಗೆ ಸ್ವತಃ ಕಾಲಿನ ನಾಳಗಳ ಕಾಯಿಲೆ ಇತ್ತು. ಈಜುಕೊಳದಲ್ಲಿ ನಿಂತಾಗ ನೋವು ಇಳಿಯುವುದನ್ನು ಆತ ಗಮನಿಸಿದ. ಒಂದು ಮೀಟರ್ ಆಳದಲ್ಲಿ ನೀರು ಸುಮಾರು 74 ಮಿ.ಮೀ. ಪಾದರಸದಷ್ಟು ಒತ್ತುತ್ತದೆ, ಒಳಗಿನ ರಕ್ತದ ಭಾರವನ್ನು ಹೊರಗಿನ ನೀರಿನ ಭಾರ ಬಹುಪಾಲು ಸರಿದೂಗಿಸುತ್ತದೆ. ಆಳ ಹೆಚ್ಚಿದಷ್ಟೂ ಒತ್ತಡ ಹೆಚ್ಚು. ಕೆಳಗೆ ಬಿಗಿ, ಮೇಲೆ ಸಡಿಲ ಎಂಬ ಅದೇ ಲೆಕ್ಕವನ್ನು ಆತ ಬಟ್ಟೆಗೆ ಇಳಿಸಿದ, 1950ರ ಸುಮಾರಿಗೆ.

ನೇಕಾರರ ಊರಿನಲ್ಲಿ ಆ ಬಟ್ಟೆಯ ರಚನೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಸೀರೆಯ ಹಾಸು-ಹೊಕ್ಕು ಎಳೆದರೆ ಹಿಗ್ಗುವುದಿಲ್ಲ. ಕಾಲುಚೀಲ ಹೆಣೆದದ್ದು, ಕುಣಿಕೆಗಳ ಸಾಲು. ಅದರ ನಡುವೆ ಬೇರೊಂದು ಎಳೆ ಅಡ್ಡಲಾಗಿ ಹಾಯುತ್ತದೆ. ಅದು ನೈಲಾನ್ ಅಥವಾ ಹತ್ತಿ ಸುತ್ತಿದ ರಬ್ಬರಿನಂಥ ಎಲಾಸ್ಟೇನ್ ಎಳೆ, ಒತ್ತುವುದು ಅದೇ. ಯಂತ್ರ ಹೆಣೆಯುತ್ತ ಹೋದಂತೆ ಆ ಎಳೆಯ ಬಿಗಿಯನ್ನೂ ಕುಣಿಕೆಯ ಗಾತ್ರವನ್ನೂ ಬದಲಿಸುತ್ತದೆ. ಇದರ ಜೊತೆ ಫ್ರಾನ್ಸಿನ ಲಾಪ್ಲಾಸ್ ಹೆಸರಿನ ನಿಯಮವೊಂದು ಸೇರಿಕೊಳ್ಳುತ್ತದೆ. ಬಿಗಿ ಒಂದೇ ಇದ್ದರೂ ಸುತ್ತಳತೆ ಅರ್ಧವಾದರೆ ಒತ್ತಡ ಎರಡು ಪಟ್ಟು. ಹಾಗಾಗಿ ಕಣಕಾಲು ತೆಳ್ಳಗಿರುವ ಅಜ್ಜಿಗೆ ಮಗನ ಅಳತೆಯ ಚೀಲ ತೊಡಿಸಬಾರದು, ಅಂದಾಜಿನಲ್ಲಿ ತರಲೂಬಾರದು. ಬೆಳಿಗ್ಗೆ ಕಾಲು ಊದುವ ಮೊದಲು ದರ್ಜಿಯ ಟೇಪಿನಿಂದ ಕಣಕಾಲಿನ ಗಂಟಿನ ಮೇಲಿನ ಅತಿ ತೆಳುವಾದ ಸುತ್ತು, ಮೀನಖಂಡದ ಅತಿ ದಪ್ಪ ಸುತ್ತು, ಹಿಮ್ಮಡಿಯಿಂದ ಮಂಡಿಯ ಹಿಂದಿನ ಮಡಿಕೆಯವರೆಗಿನ ಉದ್ದ ಬರೆದುಕೊಳ್ಳಿ. ಮಂಡಿಯ ಕೆಳಗಿನ ಚೀಲ ಬಹುತೇಕರಿಗೆ ಸಾಕು.

ಡಬ್ಬಿಯ ಮೇಲಿನ 'ಕ್ಲಾಸ್ 2' ಎಂಬ ಮಾತನ್ನು ನಂಬಿ ಕೊಳ್ಳಬೇಡಿ. ಬ್ರಿಟಿಷ್ ಲೆಕ್ಕದಲ್ಲಿ ಅದು 18ರಿಂದ 24, ಜರ್ಮನ್ ಲೆಕ್ಕದಲ್ಲಿ 23ರಿಂದ 32. ಪಕ್ಕದಲ್ಲಿ ಎಂಎಂಎಚ್‌ಜಿ (ಮಿ.ಮೀ. ಪಾದರಸ) ಎಂದು ಮುದ್ರಿಸಿದ ಅಂಕಿಯನ್ನೇ ಓದಿ. ನಿಂತು ಊದುವ ಕಾಲಿಗೆ ಸಾಮಾನ್ಯವಾಗಿ 15-20 ಸಾಕು, ಅದಕ್ಕಿಂತ ಹೆಚ್ಚಿನದು ವೈದ್ಯರು ಹೇಳಿದರೆ ಮಾತ್ರ. ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಕೊಟ್ಟ ಬಿಳಿ ಚೀಲ ಮಲಗಿದ್ದವರಿಗೆಂದು ಮಾಡಿದ್ದು, ಓಡಾಡುವವರಿಗಲ್ಲ. ಕ್ರೇಪ್ ಬ್ಯಾಂಡೇಜ್ ಬಗ್ಗೆ ನನಗೆ ನಂಬಿಕೆ ಕಡಿಮೆ. ಸುತ್ತುವವರ ಕೈ ಬದಲಾದಂತೆ ಒತ್ತಡ ಬದಲಾಗುತ್ತದೆ.

ಹಾಸಿಗೆಯಿಂದ ಇಳಿಯುವ ಮೊದಲೇ ಚೀಲ ತೊಡಿಸಬೇಕು. ಚೀಲವನ್ನು ಹಿಮ್ಮಡಿಯವರೆಗೆ ಒಳಮೈ ಹೊರಗೆ ಮಾಡಿ, ಮೊದಲು ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಉಳಿದದ್ದನ್ನು ಅಂಗೈಯಿಂದ ಸವರುತ್ತ ಮೇಲಕ್ಕೆ ಒಯ್ಯಿರಿ. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡರೆ ಹಿಡಿತ ಸಿಗುತ್ತದೆ, ಉಗುರು ತಾಗಿ ಎಳೆ ಹರಿಯುವುದಿಲ್ಲ. ಉದ್ದ ಹೆಚ್ಚಾಯಿತೆಂದು ಮೇಲಿನ ಅಂಚನ್ನು ಮಡಚಿದರೆ ಅಲ್ಲಿ ಒತ್ತಡ ಇಮ್ಮಡಿಯಾಗಿ ದಾರ ಕಟ್ಟಿದಂತಾಗುತ್ತದೆ. ರಾತ್ರಿ ತೆಗೆಯಬೇಕು, ಸೌಮ್ಯ ಸೋಪಿನಲ್ಲಿ ಒಗೆದು ನೆರಳಲ್ಲಿ ಒಣಗಿಸಬೇಕು. ಆರು ತಿಂಗಳಿಗೆ ಎಳೆಯ ಬಿಗಿ ಸೋಲುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ದಿನವಿಡೀ ತೊಡುವುದು ಕಷ್ಟ ಎಂಬುದು ನಿಜ. ನಿಂತು ದುಡಿಯುವ ಹೊತ್ತಿನಲ್ಲಿ ತೊಟ್ಟರೂ ಲಾಭವಿದೆ.

ಆದರೆ ಕೆಲವರ ಕಾಲಿಗೆ ಇದೇ ಚೀಲ ಕುತ್ತು. ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಪಾದಕ್ಕೆ ರಕ್ತ ಒಯ್ಯುವ ಧಮನಿಯೇ ಸಣ್ಣದಾಗಿರಬಹುದು. ಸ್ವಲ್ಪ ನಡೆದರೆ ಮೀನಖಂಡ ಹಿಡಿದು ನಿಂತರೆ ಬಿಡುವುದು, ಪಾದ ತಣ್ಣಗಿರುವುದು, ಬೆರಳಿನ ಗಾಯ ಮಾಯದಿರುವುದು ಅದರ ಗುರುತು. ಅಂಥ ಕಾಲನ್ನು ಹೊರಗಿನಿಂದ ಒತ್ತಿದರೆ ಬರುವ ಅಷ್ಟಿಷ್ಟು ರಕ್ತವೂ ನಿಲ್ಲುತ್ತದೆ. ಕಣಕಾಲಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸಿ ವೈದ್ಯರು ಇದನ್ನು ತಿಳಿಯುತ್ತಾರೆ: 0.9ಕ್ಕಿಂತ ಕಡಿಮೆ ಬಂದರೆ ಎಚ್ಚರ, 0.5ಕ್ಕಿಂತ ಕಡಿಮೆ ಬಂದರೆ ಚೀಲ ಬೇಡವೇ ಬೇಡ. ಒಂದೇ ಕಾಲು ದಿಢೀರನೆ ಊದಿ ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿರಬಹುದು. ಎರಡೂ ಕಾಲು ಊದಿ ಜೊತೆಗೆ ಏದುಸಿರು ಬಂದರೆ ಹೃದಯವನ್ನು ನೋಡಿಸಬೇಕು. ಬಾಗಲಕೋಟೆ ಆನೆಕಾಲು ರೋಗ ಕಂಡ ಜಿಲ್ಲೆಯೂ ಹೌದು. ಆ ಊತಕ್ಕೆ ದಿನಾ ಕಾಲು ತೊಳೆದು ಬೆರಳ ಸಂದು ಒಣಗಿಸುವುದು ಮೊದಲ ಚಿಕಿತ್ಸೆ. ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಕಾಲು ಊದುವುದುಂಟು. ಮಾತ್ರೆಯನ್ನು ತಾವೇ ಬಿಡದೆ ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಬೇಕು.

ಇಷ್ಟಾದರೂ ಸೋರುವುದು ನಿಲ್ಲದಿದ್ದರೆ ಡೈಪರ್ ಬೇಕಾಗುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹೊಸದೊಂದನ್ನು ಹರಿದು ಕೊಡವಿದರೆ ಹತ್ತಿಯಂಥ ತಿರುಳಿನ ನಡುವಿನಿಂದ ಬಿಳಿ ಹರಳು ಉದುರುತ್ತವೆ, ಸೋಡಿಯಂ ಪಾಲಿಅಕ್ರಿಲೇಟ್. ಒಂದು ಚಮಚ ಹರಳಿಗೆ ಒಂದು ಲೋಟ ನೀರು ಹಾಕಿ: ನೋಡನೋಡುತ್ತ ಗಟ್ಟಿ ಲೋಳೆಯಾಗಿ ಲೋಟ ಬೋರಲು ಹಾಕಿದರೂ ಬೀಳುವುದಿಲ್ಲ. ಈಗ ಎರಡು ಚಮಚ ಉಪ್ಪು ಹಾಕಿ ಕಲಕಿ. ಲೋಳೆ ಕುಗ್ಗಿ ನೀರು ಬಿಟ್ಟುಕೊಡುತ್ತದೆ. ಒಳಗಿನ ಸೋಡಿಯಂ ಹೊರಗಿನ ನೀರನ್ನು ಸೆಳೆಯುವುದರಿಂದ ಹರಳು ಉಬ್ಬುತ್ತದೆ; ಹೊರಗೂ ಉಪ್ಪಿದ್ದರೆ ಆ ಸೆಳೆತ ಕುಂದುತ್ತದೆ. ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುವ ವಸ್ತು ಉಪ್ಪುನೀರನ್ನು ಹೀರುವುದು ಹತ್ತಾರು ಪಟ್ಟು ಮಾತ್ರ. ಮೂತ್ರ ಉಪ್ಪುನೀರೇ. ಬರೀ ನೀರು ಸುರಿದು ತೋರಿಸಿದ್ದನ್ನು ಕಂಡು ಕೊಳ್ಳಬೇಡಿ.

ಓಡಾಡುವವರಿಗೆ ಚಡ್ಡಿಯಂತೆ ಏರಿಸುವ ಪ್ಯಾಂಟ್ ಮಾದರಿ, ಹಾಸಿಗೆ ಹಿಡಿದವರಿಗೆ ಎರಡೂ ಬದಿ ಟೇಪ್ ಇರುವುದು. ಸೊಂಟ, ಪೃಷ್ಠ ಎರಡನ್ನೂ ಅಳೆದು, ಅವುಗಳಲ್ಲಿ ದೊಡ್ಡ ಅಳತೆಗೆ ಹೊಂದುವುದನ್ನು ತನ್ನಿ. ಅದಕ್ಕಿಂತಲೂ ದೊಡ್ಡದು ತಂದರೆ ತೊಡೆಸಂದಿಯಲ್ಲಿ ಸೋರುತ್ತದೆ. ಮಲವಾದ ತಕ್ಷಣ ಬದಲಿಸಿ, ತೊಳೆದು, ತಿಕ್ಕದೆ ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಮುಲಾಮನ್ನು ತೆಳ್ಳಗೆ ಹಚ್ಚಿ. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಬೇರೆಯಾಗಿ ಕೊಡಬೇಕು, ಸುಡಬಾರದು. ಕೆಮ್ಮಿದಾಗ, ಸೀನಿದಾಗ ಸೋರುವ ಹೆಣ್ಣುಮಕ್ಕಳಿಗೆ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ವ್ಯಾಯಾಮ ಡೈಪರಿಗಿಂತ ಎಷ್ಟೋ ಮೇಲು: ಮೂತ್ರ ತಡೆಯುವ ಸ್ನಾಯುವನ್ನು ಬಿಗಿದು ಸಡಿಲಿಸುವುದು, ದಿನಾ, ಕನಿಷ್ಠ ಮೂರು ತಿಂಗಳು. ಗಂಡಸರಲ್ಲಿ ಹನಿಹನಿಯಾಗಿ ಸದಾ ಸೋರುತ್ತ ಕಿಬ್ಬೊಟ್ಟೆ ಗಟ್ಟಿಯಾಗಿದ್ದರೆ ಮೂತ್ರಕೋಶ ತುಂಬಿ ತುಳುಕುತ್ತಿದೆ, ಅಂಥವರನ್ನು ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಉಳಿದವರು ವೈದ್ಯರ ಬಳಿ ಹೋಗುವ ಮೊದಲು ಮೂರು ದಿನದ ಲೆಕ್ಕ ಬರೆದುಕೊಂಡಿರಲಿ. ಅಳತೆಯ ಗೆರೆಯಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪ್ರತಿ ಸಲದ ಮೂತ್ರ ಅಳೆದು, ಹೊತ್ತು ಮತ್ತು ಮಿಲಿಲೀಟರ್ ಗುರುತು ಮಾಡಿ. ರಾತ್ರಿಯ ಮೂತ್ರವನ್ನೂ ಬೆಳಿಗ್ಗೆ ಎದ್ದೊಡನೆ ಆದದ್ದನ್ನೂ ಕೂಡಿಸಿದಾಗ ಇಡೀ ದಿನದ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಂದರೆ, ಆ ಚೀಟಿಯ ಜೊತೆಗೆ ಸಂಜೆ ಹೊತ್ತಿನ ಕಾಲಿನ ಊತದ ವಿಷಯವನ್ನೂ ವೈದ್ಯರಿಗೆ ಹೇಳಿ.