ಒಂದೇ ಕೋಣೆ, ಎರಡು ನೆನಪು

ಒಂದೇ ಕೋಣೆಯಲ್ಲಿ ಅಕ್ಕಪಕ್ಕದ ಕುರ್ಚಿಗಳಲ್ಲಿ ತಿಂಗಳುಗಟ್ಟಲೆ ಕುಳಿತಿದ್ದ ಇಬ್ಬರು, ಮೂವತ್ತು ವರ್ಷಗಳ ತರುವಾಯ ಆ ಕೋಣೆಯ ವಿಷಯವಾಗಿಯೇ ವಾದಕ್ಕೆ ನಿಲ್ಲುತ್ತಾರೆ. ಅಲ್ಲಿಯ ಶಿಸ್ತಿನಿಂದಲೇ ತನ್ನ ಜೀವ ಉಳಿಯಿತೆಂದು ಒಬ್ಬನ ನಂಬಿಕೆ. ಅಲ್ಲಿ ನಡೆದದ್ದು ಬರಿಯ ಹಿಂಸೆಯೆಂದು ಇನ್ನೊಬ್ಬನ ದೂರು. ಇಬ್ಬರೂ ಕಣ್ಣಾರೆ ಕಂಡವರು, ಇಬ್ಬರೂ ಸುಳ್ಳಾಡುವವರಲ್ಲ. ಹೀಗಿರುವಲ್ಲಿ ಯಾರ ಮಾತನ್ನು ನಾವು ನಂಬಬೇಕು?

ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿ 1970ರಲ್ಲಿ ‘ದಿ ಸೀಡ್’ ಎಂಬ ಸಂಸ್ಥೆಯು ಹುಟ್ಟಿತು. ಮಾದಕ ವಸ್ತುಗಳ ಸಹವಾಸಕ್ಕೆ ಬಿದ್ದ, ಇಲ್ಲವೆ ಬಿದ್ದರೆಂದು ತಾಯಿತಂದೆಗಳು ಶಂಕಿಸಿದ ಹದಿಹರೆಯದವರನ್ನು ತಿದ್ದುವುದು ಅದರ ಉದ್ದೇಶ. ಅಲ್ಲಿಯ ವಿಧಾನಗಳು ಕೊರಿಯಾ ಯುದ್ಧದ ಅಮೆರಿಕನ್ ಕೈದಿಗಳ ಮೇಲೆ ನಡೆದ ಮನಃಪರಿವರ್ತನೆಯ ಪ್ರಯೋಗಗಳನ್ನು ಹೋಲುತ್ತವೆಂದು 1974ರಲ್ಲಿ ಸೆನೆಟ್ ಉಪಸಮಿತಿಯೊಂದರ ವರದಿಯು ಹೇಳಿತು. ಆದರೂ ಅದೇ ಮಾದರಿಯಲ್ಲಿ 1976ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ‘ಸ್ಟ್ರೈಟ್’ ಎಂಬ ಸಂಸ್ಥೆ ತಲೆಯೆತ್ತಿ, ಹಲವು ಸಂಸ್ಥಾನಗಳಿಗೆ ಹಬ್ಬಿತು. 1985ರಲ್ಲಿ ಅಧ್ಯಕ್ಷರ ಪತ್ನಿ ನ್ಯಾನ್ಸಿ ರೇಗನ್ ಅವರು ಇಂಗ್ಲೆಂಡಿನ ರಾಜಕುಮಾರಿ ಡಯಾನಾರನ್ನು ಅದರ ಶಾಖೆಗೆ ಕರೆದೊಯ್ದರು. ಅದಕ್ಕೆ ಎರಡು ವರ್ಷ ಮೊದಲೇ, ತನ್ನನ್ನು ಅಕ್ರಮವಾಗಿ ಕೂಡಿಹಾಕಲಾಗಿತ್ತೆಂದು ದಾವೆ ಹೂಡಿದ ತರುಣನೊಬ್ಬನಿಗೆ ನ್ಯಾಯಾಲಯದ ಪಂಚರು 2,20,000 ಡಾಲರ್ ಪರಿಹಾರ ಕೊಡಿಸಿದ್ದರು. 1993ರಲ್ಲಿ ಸಂಸ್ಥೆಯು ಬಾಗಿಲು ಮುಚ್ಚಿತು.

ಅಲ್ಲಿಯ ದಿನಚರಿಯನ್ನು ಸ್ವಲ್ಪ ಗಮನಿಸೋಣ. ಮಕ್ಕಳು ದಿನಕ್ಕೆ ಹತ್ತು ಹನ್ನೆರಡು ಗಂಟೆ ಸಾಲು ಕುರ್ಚಿಗಳಲ್ಲಿ ಕುಳಿತಿರುತ್ತಿದ್ದರು. ಹೊಸಬನ ಸೊಂಟಪಟ್ಟಿಯನ್ನು ಹಿಂದಿನಿಂದ ಹಿಡಿದು ಹಳಬನೊಬ್ಬನು ನಡೆಸುತ್ತಿದ್ದನು. ಮಾತನಾಡುವ ಸರದಿ ಬೇಕೆಂದವರು ಕೈಗಳನ್ನು ಜೋರಾಗಿ ಬೀಸಬೇಕಾಗಿತ್ತು. ಸರದಿ ಬಂದವನು ಎದ್ದುನಿಂತು ತನ್ನ ಗತಜೀವನದ ತಪ್ಪುಗಳನ್ನು ಒಪ್ಪಿಕೊಳ್ಳಬೇಕು. ಒಪ್ಪಿದವನಿಗೆ ಮೆಚ್ಚುಗೆ, ಮುಂದಿನ ಹಂತಕ್ಕೆ ಬಡ್ತಿ. ಒಪ್ಪದವನಿಗೆ ಗುಂಪಿನ ಬೈಗುಳ. ಒಂದೇ ಕಥೆಯನ್ನು, ಕೇಳುವವರಿಗೆ ಹಿಡಿಸುವ ರೀತಿಯಲ್ಲಿ, ತಿಂಗಳುಗಟ್ಟಲೆ ಹೇಳಿದರೆ ಆ ಕಥೆ ಏನಾದೀತು? ಇಲ್ಲಿಂದಲೇ ಮನಶ್ಶಾಸ್ತ್ರದ ವಿಚಾರ ಆರಂಭವಾಗುತ್ತದೆ.

ನೆನಪೆಂದರೆ ಕಣಜದಲ್ಲಿ ತುಂಬಿಟ್ಟ ಭತ್ತ, ಬೇಕಾದಾಗ ತೆಗೆದರೆ ಅದೇ ಕಾಳು ಕೈಗೆ ಬರುತ್ತದೆ ಎಂದು ನಾವೆಲ್ಲರೂ ಭಾವಿಸುತ್ತೇವೆ. ಆದರೆ ಅದು ತಾಳಮದ್ದಳೆಯ ಅರ್ಥಧಾರಿಯ ಮಾತನ್ನು ಹೆಚ್ಚು ಹೋಲುತ್ತದೆ. ಪ್ರಸಂಗದ ಕಥೆ ಅದೇ. ಮಾತು ಮಾತ್ರ ಪ್ರತಿ ರಾತ್ರಿಯೂ ಹೊಸತು, ಸಭೆಗೆ ತಕ್ಕಂತೆ.

1986ರ ಜನವರಿ 28ರಂದು ‘ಚಾಲೆಂಜರ್’ ಆಕಾಶನೌಕೆ ಸಿಡಿದುಹೋಯಿತು. ಮರುದಿನವೇ ಎಮೊರಿ ವಿಶ್ವವಿದ್ಯಾನಿಲಯದ ಅಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಷ್ ಅವರು ವಿದ್ಯಾರ್ಥಿಗಳಿಂದ, ಆ ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂಬುದನ್ನು ಬರೆಸಿಟ್ಟರು. ಸುಮಾರು ಎರಡೂವರೆ ವರ್ಷಗಳ ಬಳಿಕ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದಾಗ, 11 ಮಂದಿ ಮುಖ್ಯ ವಿವರಗಳೆಲ್ಲದರಲ್ಲಿಯೂ ತಪ್ಪಿದ್ದರು. ತಪ್ಪಿದವರಲ್ಲಿ ಅನೇಕರಿಗೆ ತಮ್ಮ ನೆನಪಿನ ಮೇಲೆ ಪೂರ್ಣ ಭರವಸೆಯಿತ್ತು. ಅವರವರ ಕೈಬರಹವನ್ನೇ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ.

ತಾರುಣ್ಯದ ನೆನಪಿನ ಗತಿಯೂ ಹೀಗೆಯೇ. ಡೇನಿಯಲ್ ಆಫರ್ ಮತ್ತು ಸಂಗಡಿಗರು ಹದಿನಾಲ್ಕು ವರ್ಷದ ಬಾಲಕರನ್ನು ಮನೆ, ಶಿಕ್ಷೆ, ಗೆಳೆಯರ ವಿಷಯವಾಗಿ ಪ್ರಶ್ನಿಸಿ, ಅವರಲ್ಲಿ 67 ಮಂದಿಯನ್ನು ನಾಲ್ವತ್ತೆಂಟರ ಪ್ರಾಯದಲ್ಲಿ ಮತ್ತೆ ಪ್ರಶ್ನಿಸಿದರು. 2000ದಲ್ಲಿ ಪ್ರಕಟವಾದ ಫಲಿತಾಂಶ ಬೆರಗುಗೊಳಿಸುವಂಥದು: ಅಂದು ಕೊಟ್ಟ ಉತ್ತರಗಳನ್ನು ಇಂದಿನ ನೆನಪು ಹೇಳಿದ್ದು, ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚು ಸರಿಯಾಗಿರಲಿಲ್ಲ.

ಹಳೆಯ ಒಡನಾಡಿಗಳು ಕೂಡಿದಾಗ ಇನ್ನೊಂದು ತೊಡಕು ಸೇರುತ್ತದೆ. ಫಿಯೋನಾ ಗ್ಯಾಬರ್ಟ್ ಮತ್ತು ಸಹೋದ್ಯೋಗಿಗಳು 2003ರಲ್ಲಿ, ಒಂದೇ ಘಟನೆಯನ್ನು ಬೇರೆ ಬೇರೆ ಕೋನಗಳಿಂದ ತೆಗೆದ ಎರಡು ಚಿತ್ರಗಳನ್ನು ಜೋಡಿಗಳಿಗೆ ತೋರಿಸಿದರು. ಇಬ್ಬರೂ ಒಂದನ್ನೇ ನೋಡಿದೆವೆಂದು ನಂಬಿದ್ದರು. ಪರಸ್ಪರ ಮಾತನಾಡಿದವರಲ್ಲಿ ನೂರಕ್ಕೆ 71 ಮಂದಿ, ತಾವು ಕಂಡೇ ಇರದ ಸಂಗತಿಯನ್ನು ಕಂಡುದಾಗಿ ಹೇಳಿದರು. ನೊಂದವರು ನೊಂದವರೊಡನೆಯೂ ಕೃತಜ್ಞರು ಕೃತಜ್ಞರೊಡನೆಯೂ ಕೂಡಿದರೆ, ಎರಡು ಗುಂಪುಗಳ ನೆನಪುಗಳೂ ಅವರಿಗರಿವಿಲ್ಲದೆ ದೂರ ಸರಿಯುತ್ತ ಹೋಗಬಹುದು.

ಹಾಗಾದರೆ ನೊಂದವರ ದೂರನ್ನು ಭ್ರಮೆಯೆಂದು ತಳ್ಳಿಬಿಡೋಣವೇ? ಅವಸರ ಬೇಡ. ವಾಟರ್‌ಗೇಟ್ ಹಗರಣದಲ್ಲಿ ಜಾನ್ ಡೀನ್ ಎಂಬವರು 1973ರಲ್ಲಿ ಸೆನೆಟ್ ಸಮಿತಿಯ ಮುಂದೆ, ಅಧ್ಯಕ್ಷ ನಿಕ್ಸನ್ನರೊಡನೆ ಆದ ಮಾತುಕತೆಗಳನ್ನು ವಿಸ್ತಾರವಾಗಿ ಹೇಳಿದ್ದರು. ಆ ಮಾತುಕತೆಗಳ ಧ್ವನಿಮುದ್ರಣ ಆಮೇಲೆ ದೊರೆಯಿತು. ಎರಡನ್ನೂ ಹೋಲಿಸಿದ ನೈಸರ್ ಅವರು 1981ರಲ್ಲಿ ಕಂಡುಕೊಂಡದ್ದಿದು: ಯಾವ ದಿನ ಯಾರು ಯಾವ ಮಾತಾಡಿದರೆಂಬುದರಲ್ಲಿ ಡೀನ್ ಬಹಳವಾಗಿ ತಪ್ಪಿದ್ದರು, ಆದರೆ ಅಪರಾಧವನ್ನು ಮುಚ್ಚಿಹಾಕುವ ಯತ್ನ ನಡೆಯುತ್ತಿತ್ತು ಎಂಬ ಮೂಲ ಸಂಗತಿಯಲ್ಲಿ ಅವರು ತಪ್ಪಿರಲಿಲ್ಲ. ಮತ್ತೆ ಮತ್ತೆ ನಡೆದದ್ದರ ವಿವರ ಅಳಿದರೂ ಸಾರ ಉಳಿಯಬಲ್ಲದು. ಗೋಡೆಯ ಬಣ್ಣವನ್ನು ತಪ್ಪಾಗಿ ಹೇಳಿದವನು ಗೋಡೆಯೊಳಗೆ ಇರಲೇ ಇಲ್ಲವೆನ್ನುವುದು ನ್ಯಾಯವಲ್ಲ.

ಕೃತಜ್ಞತೆಯ ನೆನಪಿಗೂ ಇದೇ ಒರೆಗಲ್ಲು ಬೇಕು. ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ಮತ್ತು ಸೋಮರ್‌ವಿಲ್ ಪಟ್ಟಣಗಳಲ್ಲಿ 1939ರಿಂದ 1945ರವರೆಗೆ, ದಾರಿತಪ್ಪದಂತೆ ಬಾಲಕರಿಗೆ ನೆರವಾಗುವ ಬೇರೊಂದು ಯೋಜನೆ ನಡೆಯಿತು. ಅಲ್ಲಿ ಬೈಗುಳವಿರಲಿಲ್ಲ; ಸ್ನೇಹ, ಪಾಠ, ವೈದ್ಯೋಪಚಾರಗಳಿದ್ದವು. 506 ಬಾಲಕರನ್ನು ಸಮಾನ ಜೋಡಿಗಳಾಗಿಸಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಮಾತ್ರ ನೆರವು ಕೊಟ್ಟಿದ್ದರು. ಜೋನ್ ಮೆಕಾರ್ಡ್ ಅವರು ಅವರನ್ನು ಮತ್ತೆ ಹುಡುಕಿ, 1978ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೆರವು ಪಡೆದವರಲ್ಲಿ ಸುಮಾರು ಮೂರನೆಯ ಎರಡು ಭಾಗ ಜನ ಅದರಿಂದ ಉಪಕಾರವಾಯಿತೆಂದರು. ದಾಖಲೆಗಳು ಬೇರೆಯೇ ಹೇಳಿದವು: ಕುಡಿತದ ಚಟ, ಮನೋವ್ಯಾಧಿ, ಅಕಾಲ ಮರಣ ಮುಂತಾದ ಹಲವು ಅಳತೆಗಳಲ್ಲಿ, ನೆರವಿಲ್ಲದವರಿಗಿಂತ ನೆರವು ಪಡೆದವರ ಪಾಡೇ ಕೆಟ್ಟಿತ್ತು. ಜೊತೆಗಾರನ ಬದುಕಿನ ಲೆಕ್ಕ ಇರದಿದ್ದರೆ ಈ ಸತ್ಯ ಎಂದಿಗೂ ಹೊರಬೀಳುತ್ತಿರಲಿಲ್ಲ.

ಆದುದರಿಂದ ಮೊದಲಿನ ಇಬ್ಬರಲ್ಲಿ ಯಾರ ಕಂಠ ಗಟ್ಟಿಯೆಂದು ನೋಡಿ ನಾವು ತೀರ್ಮಾನಿಸಲಾಗದು. ಅಂದಿನ ದಿನಚರಿ, ಪತ್ರಗಳು, ವೈದ್ಯರ ಟಿಪ್ಪಣಿ, ನ್ಯಾಯಾಲಯದ ಕಾಗದಗಳು, ಒಬ್ಬರನ್ನೊಬ್ಬರು ಅರಿಯದವರ ಹೇಳಿಕೆಗಳು—ಇವುಗಳೊಡನೆ ನೆನಪನ್ನು ತಾಳೆ ನೋಡಬೇಕು. ಒಂದು ಮಾತು ಸ್ಪಷ್ಟ. ಮಕ್ಕಳನ್ನು ತಿದ್ದಲೆಂದು ಕೂಡಿಡುವ ಮನೆ ಯಾವ ದೇಶದಲ್ಲೇ ಇರಲಿ, ಅಲ್ಲಿಯ ಮಗುವನ್ನು ಅಂದೇ, ಏಕಾಂತದಲ್ಲಿ, ಹೊರಗಿನವರೊಬ್ಬರು ವಿಚಾರಿಸಿ ಬರೆದಿಡಬೇಕು. ಅಂದು ಯಾರೂ ಕೇಳದೆ ಬಿಟ್ಟ ಪ್ರಶ್ನೆಗೆ ಮೂವತ್ತು ವರ್ಷಗಳ ಬಳಿಕ ಬರಿಯ ನೆನಪೊಂದೇ ಉತ್ತರ ಹೇಳಬೇಕಾಗಿ ಬರುತ್ತದೆ; ಅಷ್ಟು ದೊಡ್ಡ ಹೊರೆಯನ್ನು ಹೊರುವ ಶಕ್ತಿ ಅದಕ್ಕಿಲ್ಲ.